ನಾಲ್ಕನೇ ಕ್ಲಾಸಿನ ಭುಜ

ಮಕ್ಕಳ ವಯಸ್ಸನ್ನು ಟೈಲರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯಲ್ಲಿ ಕೂತು ಶಾಲೆಯ ಯೂನಿಫಾರ್ಮು ಹೊಲಿದವಳು ಅವಳು. ರಜೆ ಮುಗಿಯುವ ಮುಂಚಿನ ಮೂರು ವಾರ ಅಂಗಡಿಯ ಮುಂದೆ ತಾಯಂದಿರು ಸಾಲು ನಿಲ್ಲುತ್ತಿದ್ದರು. ಟೇಪನ್ನು ಈ ಭುಜದಿಂದ ಆ ಭುಜಕ್ಕೆ ಎಳೆದು, "ನಾಲ್ಕು ಮುಗಿಸಿ ಐದಕ್ಕೆ ಹೋಗ್ತಿದಾಳೆ, ಅಲ್ವಾ?" ಎಂದು ಅವಳೇ ಹೇಳಿಬಿಡುತ್ತಿದ್ದಳು. ತಾಯಂದಿರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಎತ್ತರ ನೋಡಿ ಮೋಸಹೋಗಬಹುದು, ತೂಕ ನೋಡಿ ಮೋಸಹೋಗಬಹುದು, ಭುಜ ಮಾತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಆ ನಂಬಿಕೆಯ ಬಗ್ಗೆ ಅವಳಿಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಆ ಹೆಮ್ಮೆಯೇ ಅವಳನ್ನು ಕೆಡಿಸಿತು.

ಪರದೇಶದ ಅನಾಥಾಲಯದಿಂದ ಬಂದ ಕಾಗದದಲ್ಲಿ ಹುಡುಗಿಗೆ ಒಂಬತ್ತು ವರ್ಷ ಎಂದಿತ್ತು. ಜೊತೆಗೆ ಒಂದು ಫೋಟೋ: ಕಿವಿಯ ತನಕ ಕತ್ತರಿಸಿದ ಕೂದಲು, ಮುಚ್ಚಿದ ತುಟಿ, ಯಾರದೋ ದೊಡ್ಡ ಸ್ವೆಟರು. ಟೈಲರಮ್ಮ ಮತ್ತು ಬಸ್ ಕಂಡಕ್ಟರಾಗಿದ್ದ ಅವಳ ಗಂಡ ಮೊದಲು ದತ್ತು ಆಫೀಸಿನ ಅರ್ಜಿಯಲ್ಲಿ ಕೂಸು ಬೇಕೆಂದು ಬರೆಸಿದ್ದರು. ಎರಡು ವರ್ಷ ಕಾದ ಮೇಲೆ ಮೂರು ವರ್ಷದೊಳಗಿನದೂ ಆಗಬಹುದು ಎಂದರು. ಆಮೇಲೆ ಆರರೊಳಗೆ. ಒಂಬತ್ತರವರೆಗೂ ಸರಿ ಎಂದು ಬರೆಯುವಾಗ ಟೈಲರಮ್ಮನ ಕೈ ಒಂದು ಗಳಿಗೆ ನಿಂತಿತ್ತು. ಅದರ ಮೇಲೆ ಒಂದು ಮೆಟ್ಟಿಲೂ ಹತ್ತಲಾರೆ ಎಂದು ಆಗಲೇ ಮನಸ್ಸಿನಲ್ಲಿ ಗೆರೆ ಎಳೆದುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಕಾಗದ ಬಂದ ವಾರದಲ್ಲೇ ಕೂತು, ನಾಲ್ಕನೇ ಕ್ಲಾಸಿನ ಅಳತೆಗೆ ಆರು ಫ್ರಾಕು ಹೊಲಿದಳು. ಬೆಳೆಯುವ ಮಕ್ಕಳಿಗೆ ಬಿಡುವ ಹಾಗೆ ಒಳಗಡೆ ಹೊಲಿಗೆಯಲ್ಲಿ ಒಂದಿಷ್ಟು ಬಟ್ಟೆ ಬಿಟ್ಟಳು. ಎರಡಕ್ಕೆ ಒಳಗಡೆ ಮೆತ್ತನೆಯ ಬಿಳಿ ಅಸ್ತರು ಕೊಟ್ಟಳು.

ಆ ದೇಶದ ಕಾಯಿದೆಯಂತೆ ಮಗುವಿನ ಜೊತೆ ಐದು ವಾರ ಅಲ್ಲೇ ಒಂದು ಮನೆಯಲ್ಲಿ ಇರಬೇಕಿತ್ತು. ಆಮೇಲೆ ಕೋರ್ಟಿನಲ್ಲಿ ನ್ಯಾಯಾಧೀಶರು ಮಗುವನ್ನೇ ಕೇಳುತ್ತಾರೆ, ಇವರ ಜೊತೆ ಹೋಗ್ತೀಯಾ ಅಂತ. ಮಗು ಹ್ಞೂಂ ಅಂದರೆ ಮಾತ್ರ ಮುದ್ರೆ. ಬಾಡಿಗೆಗೆ ಸಿಕ್ಕಿದ್ದು ಮೂರನೇ ಮಹಡಿಯ ಎರಡು ಕೋಣೆ. ಅಡುಗೆಮನೆಯ ಕಿಟಕಿಯಿಂದ ಒಂದು ಲಾಂಡ್ರಿಯ ಹಿತ್ತಲು ಕಾಣುತ್ತಿತ್ತು. ದಿನಾ ಹತ್ತು ಗಂಟೆಗೆ ದುಭಾಷಿ ಬರುತ್ತಿದ್ದರು. ಹಿಂದೆ ಇವರ ಸೀಮೆಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿ, ವಯಸ್ಸಾದ ಮೇಲೆ ತಮ್ಮ ಊರಿಗೆ ಮರಳಿದ ಮನುಷ್ಯ. ಹಾಗಾಗಿ ಅವರು ಎಲ್ಲರಿಗೂ ಮೇಷ್ಟ್ರೇ.

ಹುಡುಗಿ ಮೊದಲ ದಿನವೇ "ಅಮ್ಮ" ಎಂದು ಕರೆದಳು. ಯಾರು ಕಲಿಸಿದ್ದರೋ. ಬಾಗಿಲಲ್ಲಿ ನಿಂತು, ಬಾಯಿಪಾಠ ಒಪ್ಪಿಸುವವಳಂತೆ ಕಣ್ಣು ಮುಚ್ಚಿ, ಆ ಎರಡಕ್ಷರ ಹೇಳಿ ಕಣ್ಣು ಬಿಟ್ಟಳು. ಕಂಡಕ್ಟರ್ ಅತ್ತೇಬಿಟ್ಟ. ಟೈಲರಮ್ಮನೂ ಅತ್ತಳು. ಆದರೆ ಅಪ್ಪಿಕೊಂಡಾಗ ಅವಳ ಅಂಗೈಗೆ ಒಂದು ಭುಜ ಸಿಕ್ಕಿತ್ತು, ಅದು ನಾಲ್ಕನೇ ಕ್ಲಾಸಿನ ಭುಜ ಆಗಿರಲಿಲ್ಲ.

ಫ್ರಾಕುಗಳು ಒಂದೂ ಅಳತೆಗೆ ಕೂರಲಿಲ್ಲ. ಉದ್ದಕ್ಕೆ ಸರಿಯಿದ್ದವು, ಮೈಗೆ ಏರಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದು ನಿಂತಳು, ನಗುತ್ತಾ. ಟೈಲರಮ್ಮ ಟೇಪು ತಂದಳು. ಭುಜ ಹದಿಮೂರೂವರೆ ಇಂಚು; ನಾಲ್ಕನೇ ಕ್ಲಾಸಿಗೆ ಹನ್ನೆರಡು ದಾಟುವುದಿಲ್ಲ. ಮತ್ತೊಮ್ಮೆ ಹಿಡಿದಳು. ಅಷ್ಟೇ.

"ಏನೇ ಅದು, ಸಾರ್ವಜನಿಕರ ಸೇವೆಯಲ್ಲಿರೋ ಅಧಿಕಾರಿಗಳನ್ನ ಹಾಗೆಲ್ಲ ಅಳೀತಾರಾ?" ಎಂದ ಕಂಡಕ್ಟರ್. ಎರಡನೇ ದಿನಕ್ಕೇ ಹುಡುಗಿಗೆ ಅವನು "ಸಾಹೇಬ್ರು" ಎಂದು ಹೆಸರಿಟ್ಟಿದ್ದ. ಮನೆಯ ಪ್ರತಿ ಡ್ರಾಯರು ಎಳೆದು, ಪ್ರತಿ ಬೀಗ ತಿರುಗಿಸಿ ನೋಡುವ ಅವಳ ಅಭ್ಯಾಸ ಕಂಡು, ಥೇಟು ನಮ್ಮ ಚೆಕಿಂಗ್ ಇನ್ಸ್‌ಪೆಕ್ಟರ್ ಸಾಹೇಬ್ರೇ ಎಂದಿದ್ದ. ಕುರ್ಚಿ ಸಾಲಾಗಿಟ್ಟು ಬಸ್ಸು ಮಾಡುತ್ತಿದ್ದ. ಹಳೇ ಪೇಪರು ಹರಿದು ಟಿಕೆಟ್ ಕೊಡುತ್ತಿದ್ದ. ಅವಳು ಬಂದು ಗತ್ತಿನಿಂದ ಕೈ ಚಾಚಿ ಟಿಕೆಟ್ ಕೇಳುತ್ತಿದ್ದಳು. ಅವನು ಜೇಬು ತಡಕಾಡಿ, ಬೆವರು ಒರೆಸಿಕೊಂಡು, "ತಪ್ಪಾಯ್ತು ಸಾಹೇಬ್ರೇ, ಕೆಲಸದಿಂದ ಮಾತ್ರ ತೆಗೀಬೇಡಿ" ಎಂದು ಕಾಲಿಗೆ ಬೀಳುತ್ತಿದ್ದ. ಭಾಷೆ ಬಾರದಿದ್ದರೂ ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು.

ಊಟಕ್ಕೆ ಕೂತರೆ ಬಾಯಿ ತೆರೆದು ಕಾಯುತ್ತಿದ್ದಳು, ಯಾರಾದರೂ ತಿನ್ನಿಸಲಿ ಎಂದು. ಬಟ್ಟೆಗೊಂಬೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಳು. ದೊಡ್ಡ ಮಕ್ಕಳು ಕೆಲವು ಕಾಲ ಚಿಕ್ಕವರಾಗಿಬಿಡುತ್ತಾರೆ, ಆಗಲು ಬಿಡಿ ಎಂದು ಆಫೀಸಿನವರು ಕೊಟ್ಟ ಪುಸ್ತಕದಲ್ಲಿ ಇತ್ತು. ಕಂಡಕ್ಟರ್ ಆ ಸಾಲನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದ್ದ.

ಆದರೆ ಒಂದು ಮಧ್ಯಾಹ್ನ ಟೈಲರಮ್ಮ ಮೆಟ್ಟಿಲು ಹತ್ತಿ ಸದ್ದಿಲ್ಲದೆ ಒಳಗೆ ಬಂದಾಗ ಹುಡುಗಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಆಲೂಗಡ್ಡೆ ಸುಲಿಯುತ್ತಿದ್ದಳು. ಸಿಪ್ಪೆ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಇಳಿಯುತ್ತಿತ್ತು. ಚಾಕು ತೊಳೆದಳು, ಮೇಜು ಒರೆಸಿದಳು, ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಂಡಿ, ಒಮ್ಮೆ ಝಾಡಿಸಿ ಸಿಂಕಿನ ಅಂಚಿಗೆ ಹರವಿದಳು. ಎಷ್ಟೋ ವರ್ಷದಿಂದ ಯಾರ ಮನೆಯನ್ನೋ ನಡೆಸಿದ ಹೆಂಗಸಿನ ಕೈ ಅದು. ತಿರುಗಿ ನೋಡಿದಾಗ ಟೈಲರಮ್ಮ ಕಂಡಳು. ಹುಡುಗಿ ತಕ್ಷಣ ಬೆರಳನ್ನು ಬಾಯಲ್ಲಿಟ್ಟುಕೊಂಡು ಸೊಟ್ಟ ನಿಂತಳು.

ಕೇಳಲು ಇಬ್ಬರ ನಡುವೆ ಭಾಷೆ ಇರಲಿಲ್ಲ, ಅದೊಂದು ಅನುಕೂಲವೇ ಆಯಿತು.

ಮಾರನೆ ದಿನ ಟೈಲರಮ್ಮ ಮೇಷ್ಟ್ರನ್ನು ಮೆಟ್ಟಿಲ ತಿರುವಿನಲ್ಲೇ ಹಿಡಿದು ನಿಲ್ಲಿಸಿದಳು.

"ಮೇಷ್ಟ್ರೇ, ಆಫೀಸ್ನೋರು ನಮಗೆ ಟೋಪಿ ಹಾಕಿದಾರೆ. ಆ ಹುಡುಗಿಗೆ ಒಂಬತ್ತಲ್ಲ, ಹನ್ನೆರಡಾದ್ರೂ ಆಗಿದೆ."

"ಯಾರು ಹೇಳಿದ್ರು?"

"ನನ್ನ ಕೈ ಹೇಳ್ತು. ವಯಸ್ಸು ಪರೀಕ್ಷೆ ಮಾಡ್ಸೋಕೆ ಆಗುತ್ತಂತಲ್ಲ, ಕೇಳಿ."

ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ ನಿಧಾನಕ್ಕೆ ಕನ್ನಡಕ ಒರೆಸಿಕೊಂಡರು. "ತಾಯೀ, ಇದನ್ನ ಒಂದು ಸಲ ಕೇಳಿದ್ರೆ ವಾಪಸ್ ತಗೊಳ್ಳೋಕಾಗಲ್ಲ. ಯಜಮಾನ್ರಿಗೆ ಗೊತ್ತಾ?"

"ಅವ್ರಿಗೇನು, ಯಾರು ನಕ್ರೂ ನಗ್ತಾರೆ. ಅವ್ರಿಗೆ ಈಗ್ಲೇ ಹೇಳೋದು ಬೇಡ."

"ಹನ್ನೆರಡಾದ್ರೆ ಏನು ಮಾಡ್ತೀರಿ?"

ಸುಳ್ಳು ಅಂದ್ರೆ ನನಗೆ ಆಗಲ್ಲ, ಅಷ್ಟೇ, ಎಂದಳು. ಹಾಗೆ ಹೇಳುವಾಗ ಅವಳಿಗೆ ತಾನು ನ್ಯಾಯದ ಪರ ನಿಂತಿದ್ದೇನೆ ಎಂದೇ ಅನಿಸಿತ್ತು. ಒಳಗಿದ್ದದ್ದು ಬೇರೆ. ಹನ್ನೆರಡರ ಹುಡುಗಿಗೆ ಅಮ್ಮ ಒಬ್ಬಳು ಆಗಲೇ ಇದ್ದು ಹೋಗಿರುತ್ತಾಳೆ, ಅವಳ ಜಡೆ, ಅವಳ ಬೈಗುಳ, ಅವಳ ಕೈರುಚಿ ಎಲ್ಲ ಒಳಗೆ ಕೂತಿರುತ್ತವೆ, ನನಗೆ ಜಾಗ ಎಲ್ಲಿ? ಇದು ಅವಳ ಭಯ. ಭಯ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಅದಕ್ಕೆ ಸತ್ಯ ಎಂಬ ಹೆಸರು ಕೊಟ್ಟಳು.

ಮೇಷ್ಟ್ರು ಕೇಳಿ ಬಂದರು. ಆಸ್ಪತ್ರೆಯಿಂದ ಕರೆ ಬಂತು. ಪ್ರಯಾಣಕ್ಕೆ ಮುಂಚಿನ ತಪಾಸಣೆ ಎಂದು ಗಂಡನಿಗೆ ಹೇಳಿದಳು; ಹುಡುಗಿಗೂ ಹಾಗೇ ಹೇಳಿ ಎಂದು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಹೇಳಿದರು, ನೆಲ ನೋಡಿಕೊಂಡು.

ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ಹಲ್ಲು ಎಣಿಸಿದರು. ಪರದೆಯ ಹಿಂದೆ, ಟೈಲರಮ್ಮ ಅಗಲ ಮಾಡಿಕೊಟ್ಟಿದ್ದ ಫ್ರಾಕು ಬಿಚ್ಚಿಸಿ, ಒಳಲಂಗದಲ್ಲಿ ನಿಲ್ಲಿಸಿ, ಒಬ್ಬ ಡಾಕ್ಟರಮ್ಮ ಮೇಲಿಂದ ಕೆಳಗೆ ನೋಡಿ ಬರೆದುಕೊಂಡಳು. ಟೈಲರಮ್ಮ ಪರದೆಯ ಈಚೆ ಫ್ರಾಕನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಪರದೆಯ ಕೆಳಗೆ ಹುಡುಗಿಯ ಪಾದಗಳು ಕಾಣುತ್ತಿದ್ದವು, ಒಂದರ ಮೇಲೊಂದು, ತಣ್ಣನೆಯ ನೆಲದಿಂದ ಒಂದನ್ನಾದರೂ ತಪ್ಪಿಸುವ ಹಾಗೆ. ಹುಡುಗಿ ಎಲ್ಲದಕ್ಕೂ ಸಹಕರಿಸಿದಳು. ಕೈ ಎತ್ತು ಅಂದರೆ ಎತ್ತಿದಳು, ತಿರುಗು ಅಂದರೆ ತಿರುಗಿದಳು. ಈಚೆ ಬಂದು ಗುಂಡಿ ಹಾಕಿಕೊಳ್ಳುತ್ತಾ ಮೇಷ್ಟ್ರನ್ನು ಏನೋ ಕೇಳಿದಳು.

"ಏನಂತೆ?" ಎಂದಳು ಟೈಲರಮ್ಮ.

"ಪಾಸಾದೆನಾ ಅಂತ ಕೇಳ್ತಿದಾಳೆ."

ಮರುದಿನ ಬೆಳಿಗ್ಗೆ ಇಸ್ತ್ರಿಗೆಂದು ಫ್ರಾಕುಗಳನ್ನು ತಿರುಗಿಸಿದಾಗ ನೀಲಿ ಫ್ರಾಕಿಗೆ ಅಸ್ತರು ಇರಲಿಲ್ಲ. ಹರಿದಿದ್ದಲ್ಲ. ಸೊಂಟದ ಹೊಲಿಗೆಯ ಗುಂಟ ಟಾಕು ಟಾಕಾಗಿ ಬಿಡಿಸಿ ತೆಗೆದದ್ದು. ಟೈಲರಮ್ಮನಿಗೆ ಮೈ ಉರಿಯಿತು. ಕಣ್ಣು ಕೆಟ್ಟು ಹೋಗುವ ಹಾಗೆ ಕೂತು ಹೊಲಿದದ್ದನ್ನು ಗೊಂಬೆಗೆ ಬಟ್ಟೆ ಮಾಡಲು ಕಿತ್ತಿದ್ದಾಳೆ ಎಂದುಕೊಂಡು ಗೊಂಬೆಯನ್ನು ಎತ್ತಿ ನೋಡಿದಳು. ಇಲ್ಲ. ಹುಡುಗಿಯ ಹಾಸಿಗೆ ಎತ್ತಿದಳು. ಗೋಡೆಯ ಕಡೆಯ ಮೂಲೆಯಲ್ಲಿ ಅಸ್ತರಿನ ನಾಲ್ಕು ಪಟ್ಟಿಗಳು ಇದ್ದವು, ನೀಟಾಗಿ ಮಡಿಸಿ. ಎರಡು ಇನ್ನೂ ಬಳಸದವು. ಎರಡು ಬಳಸಿ ಒಗೆದವು; ತಣ್ಣೀರಲ್ಲಿ ಎಷ್ಟು ಉಜ್ಜಿದರೂ ಕಂದು ಕಲೆ ಉಳಿದುಬಿಟ್ಟಿತ್ತು.

ಟೈಲರಮ್ಮ ಹಾಸಿಗೆಯ ಮೇಲೆ ಕೂತುಬಿಟ್ಟಳು.

ಒಂಬತ್ತರ ಹುಡುಗಿಗೆ ಮುಟ್ಟಾಗುವುದಿಲ್ಲ ಎಂದು ಹುಡುಗಿಗೆ ಗೊತ್ತು. ಗೊತ್ತಿದ್ದೇ ಬಚ್ಚಿಟ್ಟಿದ್ದಳು. ಹೊಟ್ಟೆನೋವು ಎನ್ನಲಿಲ್ಲ, ಬಟ್ಟೆ ಬೇಕೆನ್ನಲಿಲ್ಲ. ಅದೇ ಹೊತ್ತಿಗೆ ಕುರ್ಚಿ ಬಸ್ಸಿನಲ್ಲಿ ಟಿಕೆಟ್ ಕೇಳುತ್ತಾ ನಕ್ಕಿದ್ದಳು. ನಿನ್ನೆ ಪರದೆಯ ಹಿಂದೆ ಬಟ್ಟೆ ಬಿಚ್ಚು ಅಂದಾಗ ಅವಳ ಎದೆ ಹೇಗೆ ಬಡಿದುಕೊಂಡಿತ್ತೋ. ಅದರ ಈಚೆ ನಿಂತು ಫ್ರಾಕು ಹಿಡಿದುಕೊಂಡವಳು ನಾನು.

ಹತ್ತು ಗಂಟೆಗೆ ಮೇಷ್ಟ್ರು ಬರುತ್ತಲೇ, "ಅದನ್ನ ವಾಪಸ್ ತಗೊಳ್ಳಿ, ಬೇಡ, ಪರೀಕ್ಷೆ ಬೇಡ ಅನ್ನಿ" ಎಂದಳು.

"ವರದಿ ಕೋರ್ಟಿಗೆ ಹೋಯ್ತು ತಾಯಿ, ನಿನ್ನೆ ಸಂಜೇನೇ."

ಆ ಮಧ್ಯಾಹ್ನ ಅವಳು ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಪ್ಯಾಡು ತಂದು ಬಚ್ಚಲಮನೆಯ ಕಪಾಟಿನಲ್ಲಿ, ಹುಡುಗಿಯ ಕೈಗೆ ಎಟುಕುವಲ್ಲಿ ಇಟ್ಟಳು. ಹೇಳಲು ಮೇಷ್ಟ್ರು ಬೇಕಾಗಿತ್ತು, ಈ ಮಾತನ್ನು ಮೇಷ್ಟ್ರ ಬಾಯಲ್ಲಿ ಆಡಿಸುವುದು ಹೇಗೆ? ಪ್ಯಾಕೆಟ್ ಹಾಗೇ ಇತ್ತು, ಒಡೆಯಲೇ ಇಲ್ಲ. ಆದರೆ ಅದನ್ನು ಕಂಡ ದಿನದಿಂದ ಹುಡುಗಿ ಇನ್ನಷ್ಟು ಚಿಕ್ಕವಳಾದಳು. ಗೊಂಬೆಗೆ ಸ್ನಾನ ಮಾಡಿಸಿದಳು, ಕಂಡಕ್ಟರನ ಬೆನ್ನೇರಿದಳು, ಒಂದು ಮಾತಿಗೆ ಹತ್ತು ಸಲ "ಅಮ್ಮ" ಎಂದಳು. ಆ ಕರೆ ಕಿವಿಗೆ ಬಿದ್ದಾಗಲೆಲ್ಲ ಟೈಲರಮ್ಮನಿಗೆ ಯಾರೋ ತನ್ನೆದುರು ಕೈಮುಗಿದು ನಿಂತ ಹಾಗೆ ಆಗುತ್ತಿತ್ತು.

ಗಂಡನಿಗೆ ಹೇಳಿದ್ದು ಕೋರ್ಟಿನ ಹಿಂದಿನ ದಿನ. ಹುಡುಗಿ ಮೇಷ್ಟ್ರ ಜೊತೆ ಕೆಳಗೆ ಬ್ರೆಡ್ಡು ತರಲು ಹೋಗಿದ್ದಳು. ಅವನು ಶೂ ಪಾಲಿಶ್ ಮಾಡುತ್ತಾ ಕೂತಿದ್ದ. ಪೂರ್ತಿ ಕೇಳಿಸಿಕೊಂಡ. ಬ್ರಶ್ಶು ಕೆಳಗಿಟ್ಟ.

"ಅರ್ಧ ಟಿಕೆಟ್ ಗೊತ್ತಲ್ಲ ನಿಂಗೆ?" ಎಂದ. "ದಿನಕ್ಕೆ ಹತ್ತು ಜನ ತಾಯಂದ್ರು ಹತ್ತುತಾರೆ. ಮೀಸೆ ಬರೋ ಮಗನ್ನ ಮಡಿಲಲ್ಲಿ ಕೂರಿಸ್ಕೊಂಡು, ಇನ್ನೂ ಎಂಟು ತುಂಬಿಲ್ಲ ಕಂಡಕ್ಟ್ರೇ ಅಂತಾರೆ. ಆ ಹುಡುಗನೂ ಪಾಪ ಕಾಲು ಮಡಚ್ಕೊಂಡು ಚಿಕ್ಕೋನಾಗಿ ಕೂತಿರ್ತಾನೆ. ನಂಗೆ ಕಣ್ಣಿಲ್ವಾ? ಇಷ್ಟು ವರ್ಷದಲ್ಲಿ ಒಂದು ಮಗೂನಾದ್ರೂ ಎಬ್ಬಿಸಿ ನಿಲ್ಸಿ ನೋಡಿಲ್ಲ ಕಣೆ ನಾನು."

"ನಿಮಗೆ ಗೊತ್ತಿತ್ತೇನ್ರೀ?"

"ನನ್ನ ಬೆನ್ನ ಮೇಲೆ ಕೂರೋಳ ಭಾರ ನಂಗೆ ಗೊತ್ತಾಗಲ್ವೇನೇ?" ಎಂದ. ಮತ್ತೆ ಬ್ರಶ್ಶು ಎತ್ತಿಕೊಂಡ. ಆಮೇಲೆ ಅವತ್ತೆಲ್ಲ ಅವಳೊಡನೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿಗೆ ಅವತ್ತೇ ಹೇಳಬೇಕಿತ್ತು. ಹೇಳುತ್ತೇನೆ ಎಂದೇ ಅವಳು ಮೂರು ಸಲ ಬಾಗಿಲ ತನಕ ಹೋಗಿ ಮೇಷ್ಟ್ರಿಗೆ "ಚಹಾ ಕೊಡ್ಲಾ?" ಎಂದು ಕೇಳಿ ಬಂದಳು. ಮೂರನೇ ಸಲಕ್ಕೆ ಮೇಷ್ಟ್ರು, "ತಾಯೀ, ನನ್ನ ಹೊಟ್ಟೆ ಏನು ಕೆರೆ ಅಲ್ಲ" ಎಂದರು.

ಕೋರ್ಟು ಒಂದು ಸಾಧಾರಣ ಕೋಣೆ. ಉದ್ದ ಮೇಜು, ನೀರಿನ ಜಗ್ಗು, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು. ನ್ಯಾಯಾಧೀಶೆಗೆ ನೆಗಡಿಯಾಗಿತ್ತು; ಮೂಗು ಒರೆಸಿಕೊಳ್ಳುತ್ತಲೇ ಫೈಲು ತಿರುವಿದಳು. ಒಂದು ಹಾಳೆಯಲ್ಲಿ ನಿಂತಳು. ಹುಡುಗಿಯನ್ನು ನೋಡಿ ಮೆಲ್ಲಗೆ ಏನೋ ಓದಿದಳು. ಹುಡುಗಿಯ ಮುಖದಿಂದ ಬಣ್ಣ ಇಳಿಯಿತು. ಮೇಷ್ಟ್ರು ಅದನ್ನೇ ಇವರಿಗೆ ಹೇಳಬೇಕಿತ್ತು. ಹೇಳಿದರು, ಒಂದೊಂದೇ ಮಾತು.

"ಎಲುಬಿನ ಪ್ರಕಾರ ವಯಸ್ಸು ಹನ್ನೆರಡಕ್ಕೆ ಮೇಲೆ. ಈ ಪರೀಕ್ಷೆ ಆಗಿದ್ದು... ತಾಯಿಯಾಗಲಿರುವವರ ಕೋರಿಕೆಯಂತೆ."

ಹುಡುಗಿ ಮೊದಲು ಮೇಷ್ಟ್ರನ್ನು ನೋಡಿದಳು. ಆಮೇಲೆ ಕಂಡಕ್ಟರನ್ನು. ಅವನು ತಲೆ ತಗ್ಗಿಸಿದ. ಕೊನೆಗೆ ಟೈಲರಮ್ಮನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಟೈಲರಮ್ಮ ತಡೆದುಕೊಳ್ಳುತ್ತಿದ್ದಳೇನೋ. ಇದ್ದದ್ದು ನಾಚಿಕೆ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಹುಡುಗಿ ಕುಗ್ಗಿದಳು, ಟೈಲರಮ್ಮನ ಪಾಲಿನ ನಾಚಿಕೆಯನ್ನೂ ತಾನೇ ಹೊತ್ತವಳ ಹಾಗೆ.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಹುಡುಗಿಗೆ ಏನೋ ಹೇಳಿದಳು. ಮೇಷ್ಟ್ರು ಹೇಳಿದರು: "ಹೆದರಬೇಡ, ಇದರಿಂದ ಅರ್ಜಿ ಬಿದ್ದು ಹೋಗಲ್ಲ. ಆದ್ರೆ ಈಗ ನಿನ್ನ ಕೇಳೋ ಪ್ರಶ್ನೆಗೆ ಯೋಚ್ನೆ ಮಾಡಿ ಉತ್ತರ ಹೇಳು. ಎರಡು ಗಂಟೆಗೆ ಮತ್ತೆ ಕೂರೋಣ ಅಂತ."

ಕಾರಿಡಾರಿನಲ್ಲಿ ಒಂದು ಬೆಂಚಿತ್ತು. ಹುಡುಗಿ ಒಂದು ತುದಿಯಲ್ಲಿ ಕೂತಳು. ಟೈಲರಮ್ಮ ಇನ್ನೊಂದು ತುದಿಯಲ್ಲಿ. ಕಂಡಕ್ಟರ್ ಕಿಟಕಿಯ ಹತ್ತಿರ ಹೋಗಿ ನಿಂತ. ಗೊಂಬೆ ಮನೆಯಲ್ಲೇ ಉಳಿದಿತ್ತು. ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹುಡುಗಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

"ಮೇಷ್ಟ್ರೇ, ಹೇಳಿ ಅವಳಿಗೆ. ನಾನೇ ಕೇಳಿದ್ದು ಅಂತ. ಪ್ರಯಾಣದ ತಪಾಸಣೆ ಅಂದಿದ್ದು ಸುಳ್ಳು ಅಂತ. ನಂಗೆ ಚಿಕ್ಕ ಮಗು ಬೇಕಿತ್ತು, ಅದಕ್ಕೆ ಹೀಗೆ ಮಾಡ್ದೆ ಅಂತ."

ಮೇಷ್ಟ್ರು ಹೇಳಿದರು. ಹುಡುಗಿ ಗೋಡೆ ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು. ಅವಳ ದನಿಯೇ ಬೇರೆಯಾಗಿತ್ತು. ಐದು ವಾರ ಮನೆಯಲ್ಲಿ ಕೇಳಿದ ಮುದ್ದು ದನಿ ಅಲ್ಲ, ಅದಕ್ಕಿಂತ ತಗ್ಗಿದ, ದಣಿದ ದನಿ.

"ಹನ್ನೆರಡು ದಾಟಿದೆ ಅಂತ ಮೊದಲೇ ಬರೆದಿದ್ರೆ, ಬರ್ತಿದ್ರಾ ಅಂತ ಕೇಳ್ತಿದಾಳೆ."

ಟೈಲರಮ್ಮನ ಬಾಯಿಗೆ "ಬರ್ತಿದ್ವಿ" ಎಂಬುದು ಬಂದೇಬಿಟ್ಟಿತ್ತು. ಎಷ್ಟು ಸುಲಭದ ಮಾತು. ಯಾವ ಎಕ್ಸ್‌ರೇಯೂ ಅದನ್ನು ಹಿಡಿಯುತ್ತಿರಲಿಲ್ಲ.

"ಇಲ್ಲ," ಎಂದಳು.

ಮೇಷ್ಟ್ರು ಅವಳನ್ನೇ ನೋಡಿದರು. "ಇದನ್ನೂ ಹೇಳ್ಲಾ?"

"ಹೇಳಿ. ಬಣ್ಣ ಹಚ್ಚಬೇಡಿ."

ಹೇಳಿದರು. ಕಿಟಕಿಯ ಹತ್ತಿರ ಕಂಡಕ್ಟರ್ ಕಣ್ಣು ಮುಚ್ಚಿಕೊಂಡ. ಹುಡುಗಿ ತಲೆಯಾಡಿಸಿದಳು, ಲೆಕ್ಕದ ಉತ್ತರ ತಾಳೆಯಾಯಿತು ಎಂಬಂತೆ. ಆಮೇಲೆ ಅವಳು ಮಾತಾಡಿದಳು. ಮೇಷ್ಟ್ರು ಅವಳ ಹಿಂದೆ ಹಿಂದೆ ಹೇಳುತ್ತಾ ಹೋದರು. ಅನಾಥಾಲಯದವರು ಹತ್ತು ದಾಟಿದ ಮಕ್ಕಳ ಫೋಟೋ ಹೊರದೇಶಕ್ಕೆ ಕಳಿಸೋದೇ ಇಲ್ಲವಂತೆ. ಇವಳನ್ನು ಅಲ್ಲಿಗೆ ತಂದು ಬಿಟ್ಟಾಗ ಕಾಗದಪತ್ರ ಒಂದೂ ಇರಲಿಲ್ಲವಂತೆ. ಎಷ್ಟು ವರ್ಷ ಅಂತ ಕೇಳಿದಾಗ ಇವಳೇ ಕಡಿಮೆ ಹೇಳಿದಳಂತೆ, ಕುಳ್ಳಗಿದ್ದದ್ದರಿಂದ ನಂಬಿದರಂತೆ. ಯಾರೂ ಕಲಿಸಿದ್ದಲ್ಲ. ಆಫೀಸಿನವರ ತಪ್ಪಿಲ್ಲ.

"ಫ್ರಾಕು ಕಿತ್ತಿದ್ದಕ್ಕೆ ತಪ್ಪಾಯ್ತು ಅಂತಿದಾಳೆ. ಯಾವ ಫ್ರಾಕೋ, ನಂಗೆ ಗೊತ್ತಿಲ್ಲ."

"ನಂಗೆ ಗೊತ್ತು," ಎಂದಳು ಟೈಲರಮ್ಮ. ತಪ್ಪಾಯ್ತು ಎಂದು ಹೇಳಬೇಕಾದವಳು ತಾನು. ಆ ಮಾತು ಈಗ ಆ ತುದಿಯಿಂದ ಬಂದುಬಿಟ್ಟಿತ್ತು, ಈ ತುದಿಗೆ ಬೇರೆ ಮಾತೇ ಉಳಿದಿರಲಿಲ್ಲ.

ಎರಡು ಗಂಟೆಗೆ ಮತ್ತೆ ಒಳಗೆ ಹೋದರು. ನ್ಯಾಯಾಧೀಶೆ ಪ್ರಶ್ನೆ ಕೇಳಿದಳು. ಹುಡುಗಿ ಎದ್ದು ನಿಂತಳು, ನೆಟ್ಟಗೆ, ಹೊಟ್ಟೆ ಒಳಗೆಳೆದುಕೊಳ್ಳದೆ. ಟೈಲರಮ್ಮ ತನ್ನ ಕೈಗಳನ್ನು ಮೇಜಿನ ಕೆಳಗೆ ಒಂದರಲ್ಲೊಂದು ಹಿಡಿದುಕೊಂಡಳು. ಇಲ್ಲ ಎಂದರೆ ಅದು ನ್ಯಾಯವೇ, ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ, ಇಲ್ಲ ಎನ್ನದಿರಲಿ ಎಂದು ಒಳಗೆ ಅಂಗಲಾಚುತ್ತಿದ್ದಳು. ಈಗ ಅವಳಿಗೆ ಬೇಕಿದ್ದದ್ದು ತನ್ನ ಮುಂದೆ ನಿಂತಿರುವ ಈ ಅಗಲ ಭುಜದ ಹುಡುಗಿಯೇ, ಬೇರೆ ಯಾರೂ ಅಲ್ಲ.

"ಹೋಗ್ತೀನಿ ಅಂತಿದಾಳೆ," ಎಂದರು ಮೇಷ್ಟ್ರು. "ಆ ಮನುಷ್ಯ ಒಳ್ಳೇವ್ರು, ಚೆನ್ನಾಗಿ ನಗಿಸ್ತಾರೆ ಅಂತೆ. ಅವರ ಹೆಂಡತಿ..." ತಡೆದರು. "ಅವರ ಹೆಂಡತಿ ಇವತ್ತು ಸುಳ್ಳು ಹೇಳ್ಬಹುದಿತ್ತು, ಹೇಳ್ಲಿಲ್ಲ. ಇನ್ಮುಂದೆ ಏನು ಕೇಳಿದ್ರೂ ನಿಜಾನೇ ಹೇಳ್ತಾರೆ ಅನ್ಸುತ್ತೆ, ಅದಕ್ಕೆ ಹೋಗ್ತೀನಿ ಅಂತೆ. ವಯಸ್ಸು ಹನ್ನೆರಡಲ್ಲ, ಹದಿಮೂರು, ಹಾಗಂತ ಬರ್ಕೊಳ್ಳಿ ಅಂತೆ."

ಗುಮಾಸ್ತ ಬರೆದುಕೊಂಡ. ಮುದ್ರೆ ಬಿತ್ತು. ಕಂಡಕ್ಟರ್ ಮೇಜಿನ ಮೇಲೆ ಮುಖವಿಟ್ಟು ಅತ್ತ. ಟೈಲರಮ್ಮನಿಗೆ ಅಳಲೂ ಮುಜುಗರವಾಯಿತು. ತನಗೆ ಸಲ್ಲದ್ದನ್ನು ಎತ್ತಿಕೊಂಡು ಹೊರಟವಳಂತೆ ಫೈಲು ಹಿಡಿದು ಈಚೆ ಬಂದಳು.

ಬೀದಿಯಲ್ಲಿ ಹುಡುಗಿ ಯಾರ ಕೈಯನ್ನೂ ಹಿಡಿಯಲಿಲ್ಲ. ಉದ್ದುದ್ದ ಹೆಜ್ಜೆ ಹಾಕಿ ಮುಂದೆ ನಡೆದಳು. ಹಿಂದಿನಿಂದ ನೋಡಿದರೆ ಯಾವುದೋ ಕೆಲಸಕ್ಕೆ ಹೊತ್ತಾಯಿತೆಂದು ಹೊರಟವಳ ನಡಿಗೆ. ಬೆಳಗಿನಿಂದ ಅವಳು ಅಮ್ಮ ಎಂದು ಒಮ್ಮೆಯೂ ಕರೆದಿರಲಿಲ್ಲ. ಇನ್ನು ಕರೆಯುವುದಿಲ್ಲವೇನೋ, ಕರೆದರೂ ಎಷ್ಟು ವರ್ಷಕ್ಕೋ ಎಂದು ಟೈಲರಮ್ಮ ಮನಸ್ಸಿಗೆ ಹೇಳಿಕೊಂಡು ಮೂರು ಹೆಜ್ಜೆ ಹಿಂದೆಯೇ ನಡೆದಳು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಬೇಕರಿಯ ಮುಂದೆ ಹುಡುಗಿ ನಿಂತಳು. ತಿರುಗಿದಳು. ಏನೋ ಹೇಳಬೇಕು, ಏನೆಂದು ಕರೆಯಬೇಕೋ ತಿಳಿಯದು. ಮೇಷ್ಟ್ರು ಕೋರ್ಟಿನ ಬಾಗಿಲಲ್ಲೇ ಕೈಮುಗಿದು ಹೊರಟು ಹೋಗಿದ್ದರು. ಹುಡುಗಿ ಸ್ವಲ್ಪ ಹೊತ್ತು ತಡಕಾಡಿ, ಐದು ವಾರ ಆ ಎರಡು ಕೋಣೆಯಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬಿದ್ದ ಒಂದು ಕರೆಯನ್ನು ಆರಿಸಿಕೊಂಡಳು.

"ರೀ," ಎಂದಳು ಟೈಲರಮ್ಮನಿಗೆ. "ಹಸಿವು."

ಕಂಡಕ್ಟರ್ ಕಣ್ಣೀರಿನ ನಡುವೆಯೇ ಕಿಸಕ್ಕನೆ ನಕ್ಕ. ಟೈಲರಮ್ಮ ನಗಲಿಲ್ಲ. "ಹ್ಞಾ, ಬಂದೆ," ಎಂದು, ಆ ಮೂರು ಹೆಜ್ಜೆ ನಡೆದು, ಅವಳ ಪಕ್ಕಕ್ಕೆ ಹೋಗಿ ನಿಂತಳು.